ಹಳೆಯ ಸ್ಯಾಶ್ ಕಿಟಕಿಗೆ ಒಳಗಾಜು: ಓದುಗರ ಪ್ರಶ್ನೆಗಳಿಗೆ ಉತ್ತರ

ಚಳಿಗಾಲ ಹತ್ತಿರವಾಗುತ್ತಿದ್ದಂತೆ, ಬ್ರಿಟನ್ನಿನಲ್ಲಿ ನೆಲೆಸಿರುವ ಓದುಗರಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕಿಟಕಿಯ ವಿಷಯವೇ ಹೆಚ್ಚು. ಅಲ್ಲಿನ ನೂರು, ನೂರೈವತ್ತು ವರ್ಷದ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸ್ಯಾಶ್ ಕಿಟಕಿ: ಪೆಟ್ಟಿಗೆಯಂಥ ಮರದ ಚೌಕಟ್ಟಿನೊಳಗೆ ಅಡಗಿರುವ ಹಗ್ಗ, ರಾಟೆ ಮತ್ತು ಕಬ್ಬಿಣದ ತೂಕಗಳ ಆಸರೆಯಿಂದ ಮೇಲಕ್ಕೂ ಕೆಳಕ್ಕೂ ಜಾರುವ, ಒಂದೇ ಪದರ ಗಾಜಿನ ಎರಡು ಕದಗಳು. ಈ ಕಿಟಕಿಯನ್ನು ಇದ್ದಂತೆಯೇ ಬಿಟ್ಟು, ಕೋಣೆಯ ಬದಿಯಿಂದ ಇನ್ನೊಂದು ತೆಳುವಾದ ಚೌಕಟ್ಟನ್ನೂ ಗಾಜನ್ನೂ ಕೂರಿಸುವುದಕ್ಕೆ ಸೆಕೆಂಡರಿ ಗ್ಲೇಜಿಂಗ್ ಎಂದು ಹೆಸರು. ಪದೇಪದೇ ಬರೆಯಬೇಕಾಗಿರುವುದರಿಂದ ಇಲ್ಲಿ ಅದನ್ನು ಒಳಗಾಜು ಎಂದೇ ಕರೆಯುತ್ತೇನೆ. ಆಯ್ದ ಐದು ಪತ್ರಗಳಿಗೆ ಈ ಬಾರಿ ಉತ್ತರವಿದೆ.

ಪ್ರಶ್ನೆ: ಎಡಿನ್‌ಬರೋದ ಮಾರ್ಚ್‌ಮಾಂಟ್‌ನಲ್ಲಿ ಮೂರನೆಯ ಮಹಡಿಯ ಟೆನೆಮೆಂಟ್ ಮನೆಯೊಂದನ್ನು ಕೊಂಡಿದ್ದೇವೆ. ಹಾಲಿನಲ್ಲಿ ಆಳೆತ್ತರದ ಮೂರು ಸ್ಯಾಶ್ ಕಿಟಕಿಗಳಿವೆ. ಹೀಟಿಂಗ್ ಹಾಕಿದ್ದರೂ ಸೋಫಾದಲ್ಲಿ ಕುಳಿತರೆ ಕುತ್ತಿಗೆಗೆ ತಣ್ಣನೆಯ ಗಾಳಿ ಬಡಿಯುತ್ತದೆ. ಡಿಸೆಂಬರ್‌ನಲ್ಲಿ ಶಿವಮೊಗ್ಗದಿಂದ ಅತ್ತೆ, ಮಾವ ಬರುತ್ತಿದ್ದಾರೆ. ಕಿಟಕಿಗಳನ್ನೆಲ್ಲ ಕಿತ್ತು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟಿನ ಡಬಲ್ ಗ್ಲೇಜಿಂಗ್, ಅಂದರೆ ಎರಡು ಗಾಜುಗಳನ್ನು ಅಂಚು ಮುಚ್ಚಿ ಜೋಡಿಸಿದ ಕಿಟಕಿ, ಹಾಕಿಸಿ ಎಂದು ಒಬ್ಬ ಮಾರಾಟಗಾರರು ಹೇಳಿದರೆ, ಒಳಗಾಜೇ ಸಾಕು ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಕೇಳಬೇಕು? ಒಳಗಾಜಾದರೆ ಯಾವ ಬಗೆಯದು?

ಉತ್ತರ: ಎರಡನೆಯವರ ಮಾತು ಕೇಳಿ. ಆದರೆ ಅವರು ತೋರಿಸಿದ ಮೊದಲ ಮಾದರಿಗೇ ಒಪ್ಪಿಗೆ ಕೊಡಬೇಡಿ.

ಕಿಟಕಿ ಕೀಳಬೇಡಿ ಎನ್ನುವುದಕ್ಕೆ ಕಾರಣ ಬರೀ ಅಂದವಲ್ಲ. ನೀವಿರುವುದು ಸಂರಕ್ಷಿತ ಪ್ರದೇಶ. ಹೊರಗಿನಿಂದ ಕಾಣುವ ಕಿಟಕಿಯ ರೂಪವನ್ನು ಅಲ್ಲಿ ಮನಬಂದಂತೆ ಬದಲಿಸಲಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಕಾಲದಲ್ಲಿ ಬಳಸುತ್ತಿದ್ದ, ನಿಧಾನವಾಗಿ ಬೆಳೆದ ಪೈನ್ ಮರದ ಗಟ್ಟಿತನ ಇಂದಿನ ಅಗ್ಗದ ಮರಕ್ಕೆ ಬರುವುದಿಲ್ಲ. ಸ್ಯಾಶ್ ಕಿಟಕಿಯಲ್ಲಿ ಹಗ್ಗ ಹರಿದರೆ ಹಗ್ಗ, ಅಡಿಪಟ್ಟಿ ಕೊಳೆತರೆ ಅಡಿಪಟ್ಟಿ, ಹೀಗೆ ಕೆಟ್ಟ ಭಾಗವನ್ನಷ್ಟೇ ಬದಲಿಸಬಹುದು; ಡಬಲ್ ಗ್ಲೇಜಿಂಗ್‌ನ ಅಂಚು ಬಿಟ್ಟು ಗಾಜಿನ ನಡುವೆ ಮಂಜು ಕಟ್ಟಿದ ದಿನ ಆ ಗಾಜಿನ ಜೋಡಿಯನ್ನು ಪೂರ್ತಿಯಾಗಿ ಎಸೆಯಬೇಕು. ನಿಮ್ಮ ಗಾಜಿನಲ್ಲಿ ಎದುರು ಮನೆಯ ಚಾವಣಿ ಸ್ವಲ್ಪ ಅಲೆಯಲೆಯಾಗಿ ಕಂಡರೆ ಅದು 1959ರಲ್ಲಿ ಪಿಲ್ಕಿಂಗ್ಟನ್ ಸಂಸ್ಥೆ ಪ್ರಕಟಿಸಿದ, ಕರಗಿದ ತವರದ ಮೇಲೆ ಗಾಜನ್ನು ಹರಡಿ ಸಮತಟ್ಟಾಗಿಸುವ ಫ್ಲೋಟ್ ವಿಧಾನಕ್ಕಿಂತ ಹಿಂದಿನ ಗಾಜಿರಬಹುದು. ಒಮ್ಮೆ ಒಡೆದರೆ ಅಂಥ ಗಾಜು ಸುಲಭವಾಗಿ ಸಿಗುವಂಥದ್ದಲ್ಲ.

ಬಿಸಿ ಉಳಿಯುವ ಲೆಕ್ಕಕ್ಕೆ ಬರೋಣ. ಆಗಿನ ಹಿಸ್ಟಾರಿಕ್ ಸ್ಕಾಟ್ಲೆಂಡ್ ಸಂಸ್ಥೆಗಾಗಿ ಗ್ಲಾಸ್ಗೋ ಕ್ಯಾಲಡೋನಿಯನ್ ವಿಶ್ವವಿದ್ಯಾಲಯವು 2008ರಲ್ಲಿ ಇಂಥದೇ ಹಳೆಯ ಸ್ಯಾಶ್ ಕಿಟಕಿಯನ್ನು ಪ್ರಯೋಗಾಲಯದಲ್ಲಿಟ್ಟು ಅಳೆಯಿತು. ದಪ್ಪನೆಯ ಪರದೆ ಎಳೆದಾಗ ಗಾಜಿನ ಮೂಲಕ ಹೋಗುವ ಶಾಖ ಶೇ. 14ರಷ್ಟು ಕಡಿಮೆಯಾಯಿತು, ಮರದ ಒಳಶಟರ್ ಮುಚ್ಚಿದಾಗ ಶೇ. 51ರಷ್ಟು, ಒಳಗಾಜು ಹಾಕಿದಾಗ ಶೇ. 63ರಷ್ಟು. ನಿಮ್ಮ ಒಂದು ಕಿಟಕಿ 1.1 ಮೀಟರ್ ಅಗಲ, 2 ಮೀಟರ್ ಎತ್ತರವೆಂದು ಇಟ್ಟುಕೊಳ್ಳಿ. ಹೊರಗೆ ಸೊನ್ನೆ ಡಿಗ್ರಿ, ಒಳಗೆ 20 ಡಿಗ್ರಿ ಇರುವ ರಾತ್ರಿ ಅದೊಂದರಿಂದಲೇ ಸುಮಾರು 220 ವಾಟ್ ಶಾಖ ಸೋರುತ್ತಿರುತ್ತದೆ. ಮೂರರಿಂದ 660 ವಾಟ್, ಅಂದರೆ ಚಿಕ್ಕದೊಂದು ಎಲೆಕ್ಟ್ರಿಕ್ ಹೀಟರನ್ನು ಹಗಲಿರುಳೂ ಬೀದಿಗಾಗಿ ಉರಿಸಿದ ಹಾಗೆ. ಒಳಗಾಜು ಬಂದ ಮೇಲೆ ಮೂರೂ ಸೇರಿ ಸುಮಾರು 240 ವಾಟ್‌ಗೆ ಇಳಿಯುತ್ತದೆ. ಸಂದುಗಳಲ್ಲಿ ನುಗ್ಗುವ ಗಾಳಿಯ ಲೆಕ್ಕ ಇದರಲ್ಲಿ ಸೇರಿಲ್ಲ. ನಿಮ್ಮ ಕುತ್ತಿಗೆಗೆ ಬಡಿಯುತ್ತಿರುವುದರಲ್ಲಿ ಅದರ ಪಾಲೂ ಇದೆ, ತಣ್ಣನೆಯ ಗಾಜಿಗೆ ತಾಗಿ ಭಾರವಾಗಿ ಕೆಳಗಿಳಿಯುವ ಕೋಣೆಯ ಗಾಳಿಯ ಪಾಲೂ ಇದೆ. ಒಳಗಾಜು ಎರಡನ್ನೂ ತಡೆಯುತ್ತದೆ.

ಮೇಲಿನ ಅಂಕಿಗಳಲ್ಲಿ ಶಟರಿನದನ್ನು ಇನ್ನೊಮ್ಮೆ ನೋಡಿ. ಅಂಥ ಮನೆಗಳಲ್ಲಿ ಕಿಟಕಿಯ ಎರಡೂ ಪಕ್ಕದ ಮರದ ಗೂಡುಗಳಲ್ಲಿ ಮಡಚಿಟ್ಟ ಶಟರ್‌ಗಳು ಇರುವುದುಂಟು. ಯಾರೋ ಎಂದೋ ಬಣ್ಣ ಬಳಿದು ಅವನ್ನು ಅಂಟಿಸಿಬಿಟ್ಟಿರುತ್ತಾರೆ, ಮನೆಯವರು ಅದನ್ನು ಬರೀ ಹಲಗೆಯೆಂದು ತಿಳಿದಿರುತ್ತಾರೆ. ಪಕ್ಕದ ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಬಣ್ಣದ ಸಂದಿನಲ್ಲಿ ಬ್ಲೇಡಿನಿಂದ ಸೀಳಿ ಬಿಡಿಸಬಹುದು. ಆದರೆ ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ದೊಡ್ಡದು. ಆದ್ದರಿಂದ ಒಣ ಮರಳುಕಾಗದದಿಂದ ಉಜ್ಜುವುದಾಗಲಿ, ಸುಡುವುದಾಗಲಿ ಬೇಡ. ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸವನ್ನು ತಿಳಿದವರಿಗೇ ಬಿಡಿ. ಶಟರ್ ಸಿಕ್ಕಿತೆಂದರೆ ಅದು ರಾತ್ರಿಯ ಹೊದಿಕೆ, ಒಳಗಾಜು ಹಗಲಿನದು. ಹಾಗಾಗಿ ಒಳಗಾಜಿನ ಚೌಕಟ್ಟನ್ನು ಶಟರಿಗಿಂತಲೂ ಕಿಟಕಿಯ ಕಡೆಗೆ, ಅಂದರೆ ಮೂಲ ಕಿಟಕಿಯ ಅಂಚಿನ ಬೀಡಿಂಗ್ ಪಟ್ಟಿಗೆ ಹತ್ತಿಕೊಂಡು ಕೂರಿಸಬೇಕು. ಕೋಣೆಯ ಕಡೆಗೆ ತಂದರೆ ಶಟರ್ ಮತ್ತೆ ಸೆರೆಯಾಗುತ್ತದೆ. ಅಳತೆಗೆ ಬಂದವರಿಗೆ ಇದನ್ನು ಮೊದಲೇ ಹೇಳಿ, ಏಕೆಂದರೆ ಕೇಳದಿದ್ದರೆ ಹೆಚ್ಚಿನವರು ತಮಗೆ ಸುಲಭವಾದ ಕಡೆ ಹಾಕಿ ಹೋಗುತ್ತಾರೆ.

ಬಗೆಯನ್ನು ಆರಿಸುವಾಗ ಸ್ಕಾಟ್ಲೆಂಡಿಗೇ ವಿಶೇಷವಾದ ಒಂದು ಸಂಗತಿಯಿದೆ. ಅಲ್ಲಿನ ಅನೇಕ ಸ್ಯಾಶ್ ಕಿಟಕಿಗಳಿಗೆ ಸಿಂಪ್ಲೆಕ್ಸ್ ಎಂಬ ತಿರುಗಣಿ ಇರುತ್ತದೆ. ಹಗ್ಗವನ್ನು ಕಳಚಿದರೆ ಕೆಳಗಿನ ಕದ ಬಾಗಿಲಿನಂತೆ ಕೋಣೆಯೊಳಕ್ಕೆ ತೆರೆದುಕೊಳ್ಳುತ್ತದೆ, ಮೂರನೆಯ ಮಹಡಿಯಲ್ಲಿ ನಿಂತೇ ಹೊರಮೈಯನ್ನು ಒರೆಸಬಹುದು. ನಿಮ್ಮದರಲ್ಲಿ ಅದಿದ್ದರೆ ಮೇಲೆ ಕೆಳಗೆ ಜಾರುವ ಒಳಗಾಜು ಅದಕ್ಕೆ ಅಡ್ಡ ನಿಲ್ಲುತ್ತದೆ. ಕೀಲಿನ ಮೇಲೆ ಬಾಗಿಲಿನಂತೆ ತೆರೆಯುವ ಬಗೆ ಅಥವಾ ಎತ್ತಿ ತೆಗೆದಿಡುವ ಬಗೆ ಹೊಂದುತ್ತದೆ. ಎತ್ತಿ ತೆಗೆಯುವುದು ಅಗ್ಗವೇನೋ ಹೌದು, ಆದರೆ ತೂಕ ಲೆಕ್ಕ ಹಾಕಿ: ಗಾಜಿನ ದಪ್ಪ ಪ್ರತಿ ಮಿಲಿಮೀಟರಿಗೆ ಒಂದು ಚದರ ಮೀಟರ್ ಎರಡೂವರೆ ಕಿಲೋ ತೂಗುತ್ತದೆ. 4 ಮಿ.ಮೀ. ಗಾಜಿನ ಒಂದೇ ಹಾಳೆಯಲ್ಲಿ ನಿಮ್ಮ ಕಿಟಕಿಯನ್ನು ಮುಚ್ಚಿದರೆ ಚೌಕಟ್ಟಿಲ್ಲದೆಯೇ 22 ಕಿಲೋ. ಅಕ್ಕಿ ಮೂಟೆಯಂತೆ ಹೆಗಲಿಗೇರಿಸುವ ವಸ್ತುವಲ್ಲ ಅದು. ಎರಡು ಭಾಗ ಮಾಡಿಸಿದರೂ ವಾರಕ್ಕೊಮ್ಮೆ ತೆಗೆಯುವ ಕಿಟಕಿಗೆ ನಾನದನ್ನು ಒಪ್ಪುವುದಿಲ್ಲ. ವರ್ಷಕ್ಕೆರಡು ಬಾರಿ ತೆಗೆಯುವ ಕಿಟಕಿಗೆ ಸರಿ. ನಿಮಗೆ ನಾನು ಸೂಚಿಸುವುದು ಕೀಲಿನ ಬಗೆ.

ಚಳಿಯೊಂದೇ ತೊಂದರೆಯಾಗಿರುವಲ್ಲಿ ಎರಡು ಗಾಜುಗಳ ನಡುವೆ 20 ಮಿ.ಮೀ. ಆಸುಪಾಸಿನ ತೆರಪಿದ್ದರೆ ಸಾಕು. ಅದಕ್ಕಿಂತ ಹೆಚ್ಚಿಸಿದರೆ ಶಾಖದ ವಿಷಯದಲ್ಲಿ ದೊಡ್ಡ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕೆಳಗಿನ ಕದದ ಹಿಡಿ, ನಡುವಿನ ಚಿಲಕ ತಾಗದಷ್ಟು ಜಾಗ ಇರಲೇಬೇಕು. ಗಾಜಿನಲ್ಲಿ ಮಾತ್ರ ಲೋ-ಇ ಲೇಪನವಿರುವುದನ್ನೇ ಕೇಳಿ. ಕೋಣೆಯ ಶಾಖವನ್ನು ಹೊರಕ್ಕೆ ಸೂಸದಂತೆ ಹಿಡಿಯುವ ಕಣ್ಣಿಗೆ ಕಾಣದ ಪದರ ಅದು; ಗಟ್ಟಿ ಲೇಪನದ ಬಗೆಯನ್ನು ಒಂಟಿ ಹಾಳೆಯಾಗಿಯೂ ಬಳಸಬಹುದು, ಲೇಪನದ ಮುಖ ನಡುವಿನ ತೆರಪಿನ ಕಡೆಗಿರಬೇಕು. ಒಳಗಾಜಿನ ಅಡ್ಡಪಟ್ಟಿ ಮೂಲ ಕಿಟಕಿಯ ಎರಡು ಕದಗಳು ಸೇರುವ ಪಟ್ಟಿಯ ಹಿಂದೆಯೇ ಬರುವಂತೆ ಮಾಡಿಸಿದರೆ ಬೀದಿಯಿಂದ ಅದು ಕಾಣುವುದೇ ಇಲ್ಲ.

ರೇಡಿಯೇಟರ್ ಕಿಟಕಿಯ ಕೆಳಗಿದ್ದರೆ ಪರದೆ ಅದರ ಮೇಲೆ ಇಳಿಬೀಳದಂತೆ ಕಿಟಕಿಕಟ್ಟೆಯವರೆಗೆ ಮಾತ್ರ ಕತ್ತರಿಸಿ. ಇಲ್ಲವಾದರೆ ಬಿಸಿಯೆಲ್ಲ ಪರದೆಯ ಹಿಂದೆ ಸೇರಿ ಗಾಜಿಗೆ ಹೋಗುತ್ತದೆ, ಅತ್ತೆ, ಮಾವನವರು ಶಾಲು ಹೊದ್ದೇ ಕೂರಬೇಕಾಗುತ್ತದೆ.

ಪ್ರಶ್ನೆ: ನಮ್ಮದು ಲಂಡನ್ನಿನ ಹೌನ್ಸ್‌ಲೋದಲ್ಲಿ ವಿಕ್ಟೋರಿಯನ್ ಕಾಲದ ಸಾಲುಮನೆ. ಚಳಿಯ ಮಾತು ಹಾಗಿರಲಿ, ಹೀಥ್ರೋಗೆ ಇಳಿಯುವ ವಿಮಾನಗಳ ಸದ್ದಿಗೆ ಬೆಳಗಿನ ಜಾವವೇ ಎಚ್ಚರವಾಗುತ್ತದೆ. ಸ್ನೇಹಿತರೊಬ್ಬರು ತಮ್ಮ ಮನೆಗೆ ಹಾಕಿಸಿದ ಒಳಗಾಜನ್ನೇ ನಾವೂ ಹಾಕಿಸಬಹುದೇ? ಅವರಿಗೆ ಅದು ಬೆಚ್ಚಗಿದೆಯಂತೆ.

ಉತ್ತರ: ಅವರಿಗೆ ಬೆಚ್ಚಗಿರುವ ಒಳಗಾಜು ನಿಮಗೆ ನಿದ್ದೆ ಕೊಡುತ್ತದೆಂದು ಹೇಳಲಾಗದು. ಚಳಿಗೆ 20 ಮಿ.ಮೀ. ತೆರಪು ಸಾಕೆಂದೆ, ಸದ್ದಿಗೆ ಕನಿಷ್ಠ 100 ಮಿ.ಮೀ. ಬೇಕು, 150ರಿಂದ 200 ಸಿಕ್ಕರೆ ಇನ್ನೂ ಒಳ್ಳೆಯದು. ಡಬಲ್ ಗ್ಲೇಜಿಂಗ್‌ನ ಎರಡು ಗಾಜುಗಳ ನಡುವೆ ಅಷ್ಟು ಜಾಗವೇ ಇರುವುದಿಲ್ಲವಾದ್ದರಿಂದ ಸದ್ದಿನ ವಿಷಯದಲ್ಲಿ ಚೆನ್ನಾಗಿ ಕೂರಿಸಿದ ಒಳಗಾಜು ಅದನ್ನು ಮೀರಿಸುತ್ತದೆ. ಆದರೆ ಈ ಅಳತೆಯನ್ನು ಎಲ್ಲಿಂದ ತೆಗೆಯುತ್ತಾರೆಂಬುದನ್ನು ಕಣ್ಣಿಟ್ಟು ನೋಡಿ. ಸ್ಯಾಶ್ ಕಿಟಕಿಯ ಎರಡು ಕದಗಳು ಒಂದೇ ಸಮತಲದಲ್ಲಿ ಇರುವುದಿಲ್ಲ. ಕೆಳಗಿನದು ಕೋಣೆಗೆ ಹತ್ತಿರ, ಮೇಲಿನದು ದೂರ. ತೆರಪನ್ನು ಕೆಳಗಿನ ಕದದ ಗಾಜಿನಿಂದಲೇ ಅಳೆಯಬೇಕು. ಮೇಲಿನದರಿಂದ ಅಳೆದು ನೂರಿದೆ ಎಂದರೆ ಕೆಳಗೆ ನೂರಿರುವುದಿಲ್ಲ.

ನಿಮ್ಮಂಥ ಲಂಡನ್ ಮನೆಗಳಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಬೆಂಕಿಯ ಭಯದಿಂದ 1774ರ ಕಟ್ಟಡ ಕಾಯಿದೆಯು ಕಿಟಕಿಯ ಮರದ ಪೆಟ್ಟಿಗೆಯನ್ನು ಹೊರಗಿನ ಇಟ್ಟಿಗೆಯ ಹಿಂದೆ ಅಡಗಿಸಬೇಕೆಂದು ವಿಧಿಸಿತು, ಮುಂದೆ ಅದೇ ರೂಢಿಯಾಯಿತು. ಒಂಬತ್ತು ಇಂಚಿನ ಗೋಡೆಯಲ್ಲಿ ಪೆಟ್ಟಿಗೆ ಹಾಗೆ ಹಿಂದೆ ಸರಿದರೆ ಅದರ ಒಳಮುಖ ಗಾರೆಯ ಮಟ್ಟಕ್ಕೇ ಬಂದು ನಿಲ್ಲುತ್ತದೆ, ಒಳಗಾಜಿಗೆ ಆಳ ಉಳಿಯುವುದಿಲ್ಲ. ಆಗ ಕಿಟಕಿಯ ಸುತ್ತ ಮರದ ಚೌಕಟ್ಟೊಂದನ್ನು ಕೋಣೆಯೊಳಕ್ಕೆ ಉಬ್ಬಿಸಿ ಕಟ್ಟಿಸಬೇಕಾಗುತ್ತದೆ. ನೋಡಲು ಪೆಟ್ಟಿಗೆಯಂತಿರುತ್ತದೆ, ಕಿಟಕಿಕಟ್ಟೆ ಅಗಲವಾಗುತ್ತದೆ. ಬೇಡವೆನಿಸಿದರೆ ಮಲಗುವ ಕೋಣೆಗೆ ಮಾತ್ರ ಮಾಡಿಸಿ. ಮನೆಯ ಮುಂಭಾಗದಲ್ಲಿ ಗೋಡೆಯಿಂದ ಹೊರಕ್ಕೆ ಚಾಚಿರುವ ಬೇ ಕಿಟಕಿಗೆ ಇದನ್ನು ಮಾಡಿಸುವುದು ಮೂಲೆಗಳ ಕೆಲಸದಿಂದಾಗಿ ದುಬಾರಿಯೂ ಹೌದು, ಕೆಡುವುದೂ ಸುಲಭ.

ಗಾಜು 6.4 ಮಿ.ಮೀ. ಅಥವಾ ಅದಕ್ಕಿಂತ ದಪ್ಪದ ಅಕೌಸ್ಟಿಕ್ ಲ್ಯಾಮಿನೇಟೆಡ್ ಆಗಿರಲಿ. ಎರಡು ಹಾಳೆಗಳ ನಡುವಿನ ಮೆತ್ತನೆಯ ಪದರ ಕಂಪನವನ್ನು ನುಂಗುತ್ತದೆ. ಹೊರಗಿನ ಗಾಜಿನಷ್ಟೇ ದಪ್ಪದ ಗಾಜನ್ನು ಒಳಗೆ ಹಾಕಬಾರದು. ತಂಬೂರಿಯ ಒಂದು ತಂತಿಯನ್ನು ಮೀಟಿದರೆ ಅದೇ ಶ್ರುತಿಯ ಪಕ್ಕದ ತಂತಿಯೂ ಮಿಡಿಯುವಂತೆ, ಒಂದೇ ದಪ್ಪದ ಎರಡು ಗಾಜುಗಳು ಒಂದೇ ಸ್ವರಕ್ಕೆ ಒಟ್ಟಿಗೆ ನಡುಗಿ ಆ ಸದ್ದನ್ನು ಒಳಕ್ಕೆ ಬಿಟ್ಟುಬಿಡುತ್ತವೆ. ತೆರಪಿನ ಪಕ್ಕದ ಗೋಡೆಗಳಿಗೆ ಸದ್ದು ಹೀರುವ ಹಲಗೆ ಹಚ್ಚಿದರೆ ಇನ್ನಷ್ಟು ಉಪಯೋಗ. ಸದ್ದು 10 ಡೆಸಿಬೆಲ್ ಇಳಿದರೆ ಕಿವಿಗೆ ಅದು ಅರ್ಧವಾದಂತೆ ಕೇಳಿಸುತ್ತದೆ. ಮಾರಾಟಗಾರರು ಹೇಳುವ ಅಂಕಿಯನ್ನು ಈ ಅಳತೆಗೋಲಿನಿಂದ ಓದಿ. ಎಲ್ಲಕ್ಕಿಂತ ಮುಖ್ಯ, ಅಂಚಿನಲ್ಲಿ ಸಂದು ಬಿಡಬಾರದು. ಗಾಳಿ ನುಸುಳುವ ಕಡೆ ಸದ್ದೂ ನುಸುಳುತ್ತದೆ.

ಹಣ ಕೊಡುವ ಮೊದಲು ಎರಡು ಕೆಲಸ ಮಾಡಿ. ವಿಮಾನದ ಸದ್ದು ಮೇಲಿನಿಂದ ಬರುವುದರಿಂದ, ನಿಮ್ಮ ಕೋಣೆ ಚಾವಣಿಯ ಕೆಳಗೇ ಇದ್ದರೆ ಕಿಟಕಿಯೊಂದನ್ನೇ ಭದ್ರಪಡಿಸಿ ಫಲವಿಲ್ಲ. ಅಟ್ಟದಲ್ಲಿ ನಿರೋಧಕ ಹಾಸಿದೆಯೇ, ಹಳೆಯ ಚಿಮಣಿಯ ಬಾಯಿ ತೆರೆದಿದೆಯೇ ನೋಡಿ. ಜೊತೆಗೆ, ವಿಮಾನ ನಿಲ್ದಾಣದವರೇ ಸುತ್ತಲಿನ ಮನೆಗಳಿಗೆ ಸದ್ದುನಿರೋಧಕ್ಕೆ ನೆರವು ನೀಡುವ ಯೋಜನೆಗಳನ್ನು ನಡೆಸುತ್ತಾರೆ, ನಿಮ್ಮ ಪೋಸ್ಟ್‌ಕೋಡ್ ಅದರ ವ್ಯಾಪ್ತಿಯಲ್ಲಿದೆಯೇ ವಿಚಾರಿಸಿ. ಪ್ರಯೋಗಕ್ಕೆಂದು ಕಿಟಕಿಗೆ ದಪ್ಪ ಹಲಗೆ ಒತ್ತಿಟ್ಟು ಸದ್ದು ಕೇಳುವುದಾದರೆ ಒಂದೇ ಹೊತ್ತಿನ ಅನುಭವವನ್ನು ನಂಬಬೇಡಿ; ಪಶ್ಚಿಮದ ಗಾಳಿಯಿರುವ ದಿನಗಳಲ್ಲಿ ವಿಮಾನಗಳು ಇಳಿಯುವ ರನ್‌ವೇಯನ್ನು ಮಧ್ಯಾಹ್ನ 3 ಗಂಟೆಗೆ ಬದಲಿಸುತ್ತಾರೆ.

ಪ್ರಶ್ನೆ: ಲೆಸ್ಟರ್‌ನಲ್ಲಿರುವ ನಮ್ಮ ಮನೆಗೆ ಹೋದ ವರ್ಷ ಒಳಗಾಜು ಹಾಕಿಸಿದೆವು. ಈಗ ಎರಡು ಗಾಜುಗಳ ನಡುವೆ ನೀರು ಇಳಿಯುತ್ತದೆ, ಹಳೆಯ ಚೌಕಟ್ಟಿನ ಮೇಲೆ ಬೂಷ್ಟು ಬಂದಿದೆ. ಹಾಕಿದವರನ್ನು ಕೇಳಿದರೆ ನಿಮ್ಮ ಅಡುಗೆಯ ಹಬೆಯೇ ಕಾರಣ ಎನ್ನುತ್ತಾರೆ. ಹೌದೇ?

ಉತ್ತರ: ಅರ್ಧ ಮಾತ್ರ. ಹಬೆ ಅಡುಗೆಮನೆಯದಿರಬಹುದು, ಅದು ಗಾಜುಗಳ ನಡುವೆ ಹೋದದ್ದು ಅವರ ಕೆಲಸದ ದೋಷದಿಂದ.

ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವುದನ್ನು ಕಂಡಿದ್ದೀರಿ. 20 ಡಿಗ್ರಿ ಬಿಸಿ, ಶೇ. 60ರಷ್ಟು ತೇವವಿರುವ ಕೋಣೆಯ ಗಾಳಿ ಸುಮಾರು 12 ಡಿಗ್ರಿಗಿಂತ ತಣ್ಣಗಿರುವ ಯಾವ ಮೈಗೆ ತಾಗಿದರೂ ನೀರು ಬಿಡುತ್ತದೆ. ಹೊರಗೆ ಸೊನ್ನೆಯಿರುವಾಗ ಒಂಟಿ ಗಾಜಿನ ಒಳಮೈ ಸುಮಾರು 6 ಡಿಗ್ರಿಯಲ್ಲಿರುತ್ತದೆ, ಒಳಗಾಜಿನ ಕೋಣೆಯ ಮೈಯಾದರೋ 15ರ ಹತ್ತಿರ. ಆದ್ದರಿಂದ ಸರಿಯಾಗಿ ಕೂರಿಸಿದ ಒಳಗಾಜು ಒಣಗಿಯೇ ಇರುತ್ತದೆ. ಆದರೆ ಅದರ ಅಂಚಿನ ಸಂದಿನಿಂದ ಕೋಣೆಯ ಗಾಳಿ ಆಚೆ ನುಸುಳಿದರೆ, ಅಲ್ಲಿ ಮೊದಲಿಗಿಂತಲೂ ತಣ್ಣಗಾಗಿರುವ ಹೊರಗಾಜು ಕಾದಿರುತ್ತದೆ. ನಿಯಮ ಹೀಗಿದೆ: ಒಳಗಿನದು ಬಿಗಿ, ಹೊರಗಿನದು ಸಡಿಲ. ಒಳಗಾಜಿನ ಸುತ್ತ ಎಲ್ಲೂ ಗಾಳಿ ಆಡಬಾರದು; ಮೂಲ ಕಿಟಕಿಯಲ್ಲಿ ಮಾತ್ರ ಚೂರು ಗಾಳಿ ಆಡುತ್ತಿರಬೇಕು, ತೆರಪಿಗೆ ಬಂದ ತೇವ ಆ ದಾರಿಯಲ್ಲಿ ಹೊರಗೆ ಹೋಗುತ್ತದೆ. ಅತಿ ಶ್ರದ್ಧೆಯ ಪೇಂಟರ್‌ಗಳು ಇದನ್ನು ತಿರುವುಮುರುವು ಮಾಡಿ, ಹೊರಗಿನ ಕಿಟಕಿಯ ಸಂದುಗಳನ್ನೆಲ್ಲ ಸಿಲಿಕೋನ್ ತುಂಬಿ ಮುಚ್ಚಿಬಿಡುತ್ತಾರೆ. ನಿಮ್ಮಲ್ಲಿ ಹಾಗಾಗಿದೆಯೇ ನೋಡಿ. ಆಗಿದ್ದರೆ ಎರಡು ಕದಗಳು ಸೇರುವ ಕಡೆ ಅದನ್ನು ಬಿಡಿಸಿ. ಗಾಳಿಯಿರುವ ದಿನ ಉರಿಯುವ ಊದುಬತ್ತಿಯನ್ನು, ಪರದೆಗಳನ್ನು ದೂರ ಸರಿಸಿ, ಒಳಗಾಜಿನ ಅಂಚಿನುದ್ದಕ್ಕೂ ನಿಧಾನವಾಗಿ ಹಿಡಿದು ಹೋದರೆ ಹೊಗೆ ಬಾಗುವ ಜಾಗವೇ ಸೋರುವ ಜಾಗ. ಅಲ್ಲಿನ ಬ್ರಷ್ ಪಟ್ಟಿ ಅಥವಾ ರಬ್ಬರನ್ನು ಬದಲಿಸಿಕೊಡುವುದು ಹಾಕಿದವರ ಹೊಣೆ, ಕೇಳಿ ಪಡೆಯಿರಿ.

ಇಡ್ಲಿ ಬೇಯಿಸುವಾಗ ಅಡುಗೆಮನೆಯ ಬಾಗಿಲು ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕುವುದು, ರೇಡಿಯೇಟರ್ ಮೇಲೆ ಬಟ್ಟೆ ಒಣಹಾಕದಿರುವುದು ಒಳ್ಳೆಯದೇ. ಕೋಣೆಯ ಬದಿಯ ಗಾಜೇ ಒದ್ದೆಯಾಗುತ್ತಿದ್ದರೆ ತಪ್ಪು ನಿಮ್ಮದೆಂದು ಒಪ್ಪಿಕೊಳ್ಳಬಹುದಿತ್ತು.

ಪ್ರಶ್ನೆ: ಬಾಡಿಗೆ ಮನೆಯಲ್ಲಿದ್ದೇವೆ, ಇನ್ನೊಂದು ವರ್ಷವಷ್ಟೇ ಇರುತ್ತೇವೆ. ಕಡಿಮೆ ಖರ್ಚಿನಲ್ಲಿ ಏನಾದರೂ ಆಗುತ್ತದೆಯೇ?

ಉತ್ತರ: ಆಗುತ್ತದೆ. ಎರಡು ಬದಿಯ ಅಂಟುಪಟ್ಟಿ ಹಚ್ಚಿ, ಹಾಳೆ ಎಳೆದು, ಕೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿ ಮಾಡಿದರೆ ಬಿಗಿದುಕೊಳ್ಳುವ ಪ್ಲಾಸ್ಟಿಕ್ ಹಾಳೆ ಒಂದು ಚಳಿಗಾಲಕ್ಕೆ ಸಾಕು. ತೆಗೆಯುವಾಗ ಬಣ್ಣ ಏಳಬಹುದು, ಮೂಲೆಯಲ್ಲಿ ಪರೀಕ್ಷಿಸಿ. ಮ್ಯಾಗ್ನೆಟ್ ಪಟ್ಟಿಯಿಂದ ಹತ್ತಿಕೊಳ್ಳುವ ಆಕ್ರಿಲಿಕ್ ಹಾಳೆ ಇನ್ನೂ ಉತ್ತಮ: ಗಾಜಿನ ಅರ್ಧದಷ್ಟೇ ತೂಕ, ಬೇಸಿಗೆಯಲ್ಲಿ ಮಂಚದ ಕೆಳಗೆ ಇಡಬಹುದು. ಆದರೆ ಬೇಗ ಗೀರು ಬೀಳುತ್ತದೆ, ಒಣಬಟ್ಟೆಯಿಂದ ಒರೆಸಬಾರದು, ಮತ್ತು ಹೊಸ ಮನೆಯ ಕಿಟಕಿಗೆ ಅದರ ಅಳತೆ ಹೊಂದುವುದು ಅದೃಷ್ಟದ ಮಾತು. ಮನೆಯ ಮಾಲೀಕರಿಗೆ ಮೊದಲೇ ತಿಳಿಸಿ.

ಪ್ರಶ್ನೆ: ಬಾತ್ ನಗರದಲ್ಲಿ ಗ್ರೇಡ್ 2 ಲಿಸ್ಟೆಡ್ (ಐತಿಹಾಸಿಕ ಮಹತ್ವಕ್ಕಾಗಿ ಕಾನೂನಿನ ರಕ್ಷಣೆ ಪಡೆದ) ಕಟ್ಟಡದ ಎರಡನೆಯ ಮಹಡಿಯ ಫ್ಲ್ಯಾಟ್ ನಮ್ಮದು. ಒಳಗಾಜು ಒಳಗೇ ಇರುವುದರಿಂದ ಯಾರ ಅನುಮತಿಯೂ ಬೇಡ ಎಂದು ನೆರೆಯವರು ಹೇಳುತ್ತಾರೆ. ನಿಜವೇ?

ಉತ್ತರ: ಸಾಮಾನ್ಯ ಮನೆಗೆ ಆ ಮಾತು ಬಹುಮಟ್ಟಿಗೆ ನಿಜ, ನಿಮ್ಮದಕ್ಕೆ ಅಲ್ಲ. ಲಿಸ್ಟಿಂಗ್ ಎನ್ನುವುದು ಕಟ್ಟಡದ ಒಳಭಾಗಕ್ಕೂ ಅನ್ವಯಿಸುತ್ತದೆ; ಅದರ ಸ್ವರೂಪಕ್ಕೆ ಧಕ್ಕೆ ತರಬಹುದಾದ ಕೆಲಸವನ್ನು ಒಪ್ಪಿಗೆಯಿಲ್ಲದೆ ಮಾಡುವುದು ಇಂಗ್ಲೆಂಡಿನಲ್ಲಿ ದಂಡ ಕಟ್ಟಿ ಮುಗಿಸುವ ಸಣ್ಣ ತಪ್ಪಲ್ಲ, ಕ್ರಿಮಿನಲ್ ಅಪರಾಧ. ಆದರೆ ಗಾಬರಿ ಬೇಡ. ಬಿಚ್ಚಿದರೆ ಗುರುತು ಉಳಿಯದಂಥ, ತೆಳು ಚೌಕಟ್ಟಿನ, ಶಟರನ್ನೂ ಕೆತ್ತನೆಯ ಪಟ್ಟಿಗಳನ್ನೂ ಕತ್ತರಿಸದ ಒಳಗಾಜಿಗೆ ಸಂರಕ್ಷಣಾಧಿಕಾರಿಗಳು ಸಾಮಾನ್ಯವಾಗಿ ಅಡ್ಡಿಮಾಡುವುದಿಲ್ಲ. ಕೌನ್ಸಿಲಿಗೆ ನಕ್ಷೆಯನ್ನೂ ಫೋಟೋಗಳನ್ನೂ ಕಳುಹಿಸಿ, ಒಪ್ಪಿಗೆ ಬೇಕೇ ಬೇಡವೇ ಎಂಬ ಉತ್ತರವನ್ನು ಬರಹದಲ್ಲಿ ಪಡೆದು ಇಟ್ಟುಕೊಳ್ಳಿ. ಮುಂದೆ ಮನೆ ಮಾರುವಾಗ ಕೊಳ್ಳುವವರ ವಕೀಲರು ಕೇಳುವ ಮೊದಲ ಕಾಗದಗಳಲ್ಲಿ ಅದೂ ಒಂದು. ಫ್ಲ್ಯಾಟ್ ಲೀಸಿನದಾಗಿದ್ದರೆ ಕಿಟಕಿ ನಿಮ್ಮದೋ, ಕಟ್ಟಡದ ಮಾಲೀಕರದೋ ಎಂದು ಲೀಸ್ ಪತ್ರದಲ್ಲಿ ನೋಡಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ಬೆಂಕಿ ಬಿದ್ದಾಗ ಹೊರಬರಲು ಉಳಿದಿರುವ ದಾರಿ ಕಿಟಕಿಯೇ ಆಗಿದ್ದರೆ ಅದರ ಮುಂದೆ ತೆರೆಯಲಾಗದ ಒಳಗಾಜನ್ನು ಯಾವ ಕಾರಣಕ್ಕೂ ಹಾಕಬಾರದು. ಲ್ಯಾಮಿನೇಟೆಡ್ ಗಾಜನ್ನು ಕೈಗೆ ಸಿಕ್ಕಿದ್ದರಿಂದ ಒಡೆದು ಹೊರಬರುವುದೂ ಆಗದ ಮಾತು. ಅಂಥ ಕಿಟಕಿಗಳಿಗೆ ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗದರ್ಶಿಯಲ್ಲಿರುವ ಅಳತೆ ಹೀಗಿದೆ: ತೆರೆದಾಗ ಸಿಗುವ ಜಾಗ ಕನಿಷ್ಠ 0.33 ಚದರ ಮೀಟರ್, ಅಗಲ ಎತ್ತರ ಎರಡೂ 450 ಮಿ.ಮೀ.ಗಿಂತ ಕಡಿಮೆಯಿಲ್ಲ, ತೆರೆದ ಜಾಗದ ಕೆಳಅಂಚು ನೆಲದಿಂದ 1,100 ಮಿ.ಮೀ. ಮೀರಬಾರದು. ನೀವು ಇರುವಷ್ಟು ಎತ್ತರದಿಂದ ಕಿಟಕಿಯಲ್ಲಿ ಇಳಿಯುವಂತಿಲ್ಲ ನಿಜ, ಆದರೂ ಹೊಗೆ ಹೊರಹಾಕಲು, ಸಹಾಯಕ್ಕೆ ಕೂಗಲು ಅದು ತೆರೆಯುವಂತಿರಬೇಕು. ಗಾಜು ನೆಲದಿಂದ 800 ಮಿ.ಮೀ.ಗಿಂತ ಕೆಳಗೆ ಬರುವ ಕಡೆ ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಅಥವಾ ಲ್ಯಾಮಿನೇಟೆಡ್ ಗಾಜೇ ಆಗಬೇಕು. ಕೆಲಸ ಮುಗಿದ ದಿನ ಹಣ ಕೊಡುವ ಮೊದಲು ಮನೆಯ ಚಿಕ್ಕವರನ್ನೂ ಹಿರಿಯರನ್ನೂ ಕರೆದು, ಒಳಗಾಜು ಮತ್ತು ಹೊರಗಿನ ಕದ ಎರಡನ್ನೂ ಅವರ ಕೈಯಿಂದಲೇ ಒಮ್ಮೆ ತೆರೆಸಿ ನೋಡಿ. ಅವರಿಂದ ಆಗದ ಚಿಲಕವನ್ನು ಅಂದೇ ಬದಲಿಸಿಕೊಳ್ಳಿ.